ರ‍್ಯಾಮ್ ಖಾಲಿ ಮಾಡಿಸಲು ಹೋಗಿ ಲೆಕ್ಕದ ಫೈಲ್ ಕಳೆದುಕೊಳ್ಳಬೇಡಿ

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರ ಮನೆಯೊಂದರ ಕಂಪ್ಯೂಟರಿಗೆ ಮಳೆಗಾಲದಲ್ಲಿ ಆದ ಗತಿ ಇದು. ಕೆಡಿಸಿದ್ದು ವೈರಸ್ಸೂ ಅಲ್ಲ, ಸಿಡಿಲೂ ಅಲ್ಲ. "ಸ್ಪೀಡ್ ಮಾಡುವ" ನಾಲ್ಕು ಉಪಾಯಗಳನ್ನು ಒಂದರ ಮೇಲೊಂದು ಪ್ರಯೋಗಿಸಿದ್ದೇ ಕಾರಣ. ನಾಲ್ಕೂ ಯೂಟ್ಯೂಬಿನಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ ಇವತ್ತಿಗೂ ಓಡಾಡುತ್ತಿವೆ.

ಯಂತ್ರದ ವಿವರ ಮೊದಲು. ಕೋರ್ 2 ಡ್ಯುಯೊ ಇ7500 ಪ್ರೊಸೆಸರ್, ಇಂಟೆಲ್ ಜಿ41 ಚಿಪ್‌ಸೆಟ್ ಮದರ್‌ಬೋರ್ಡು, 2 ಜಿಬಿಯ ಒಂದೇ ಡಿಡಿಆರ್3 ಸ್ಟಿಕ್ (ರ‍್ಯಾಮ್, ಅಂದರೆ ಓಡುತ್ತಿರುವ ಪ್ರೋಗ್ರಾಮುಗಳು ಕೆಲಸಕ್ಕೆ ಬಳಸುವ ಮೆಮೊರಿ), 500 ಜಿಬಿ ಹಾರ್ಡ್ ಡಿಸ್ಕ್, 64 ಬಿಟ್ ವಿಂಡೋಸ್ 10. ಮಾಡುತ್ತಿದ್ದ ಕೆಲಸವೂ ದೊಡ್ಡದೇನಲ್ಲ: ಎಕ್ಸೆಲ್‌ನಲ್ಲಿ ತೋಟದ ಲೆಕ್ಕ, ನುಡಿ ತಂತ್ರಾಂಶದಲ್ಲಿ ಒಂದೆರಡು ಅರ್ಜಿ, ಪಹಣಿ ತೆಗೆಯಲು ಬ್ರೌಸರ್. ಈ ವಿಂಡೋಸ್ ಏನನ್ನೂ ತೆರೆಯದೆ ಸುಮ್ಮನೆ ಕೂತಿದ್ದರೂ 1 ಜಿಬಿಗಿಂತ ಹೆಚ್ಚು ರ‍್ಯಾಮ್ ತಿನ್ನುತ್ತದೆ. ಬೋರ್ಡಿನಲ್ಲೇ ಇರುವ ಗ್ರಾಫಿಕ್ಸ್ ಕೂಡ ಅದೇ ರ‍್ಯಾಮ್‌ನಿಂದ ಪಾಲು ಕೇಳುತ್ತದೆ. ಬ್ರೌಸರಿನಲ್ಲಿ ನಾಲ್ಕು ಟ್ಯಾಬ್ ತೆರೆದರೆ ಹ್ಯಾಂಗ್ ಆಗುವುದು ಸಹಜ.

ಮೊದಲ ಉಪಾಯ, "ರ‍್ಯಾಮ್ ಬೂಸ್ಟರ್". ಈ ಪ್ರೋಗ್ರಾಮಿನ ಗುಂಡಿ ಒತ್ತಿದರೆ ರ‍್ಯಾಮ್ ಬಳಕೆ 85 ಶೇಕಡಾ ಇದ್ದದ್ದು 45ಕ್ಕೆ ಇಳಿಯುತ್ತದೆ, ನೋಡಿದವರಿಗೆ ಖುಷಿ. ಒಳಗೆ ಆಗುವುದೇನು? ಮನೆಯ ಜಗುಲಿಯನ್ನು ರ‍್ಯಾಮ್ ಅಂದುಕೊಳ್ಳಿ, ರ‍್ಯಾಮ್ ಸಾಲದಾಗ ವಿಂಡೋಸ್ ಬಳಸುವ, ಹಾರ್ಡ್ ಡಿಸ್ಕಿನಲ್ಲಿರುವ ಪೇಜ್ ಫೈಲ್ ಏಣಿ ಹತ್ತಿ ಹೋಗಬೇಕಾದ ಅಟ್ಟ. ಬೂಸ್ಟರ್ ಮಾಡುವುದಿಷ್ಟೇ: ಜಗುಲಿಯಲ್ಲಿ ಕೆಲಸಕ್ಕೆ ಹರಡಿಕೊಂಡಿದ್ದನ್ನು ಓಡುತ್ತಿರುವ ಪ್ರೋಗ್ರಾಮುಗಳ ಕೈಯಿಂದ ಕಿತ್ತು ಪಕ್ಕಕ್ಕೆ ಸರಿಸುವುದು, ಜಾಗ ಸಾಲದಿದ್ದರೆ ಅಟ್ಟಕ್ಕೇ ಎಸೆಯುವುದು. ಮರುಕ್ಷಣ ಎಕ್ಸೆಲ್‌ಗೆ ಅದೇ ಬೇಕು, ಒಂದೊಂದನ್ನೇ ಇಳಿಸಬೇಕು. ಹಳೆ ಹಾರ್ಡ್ ಡಿಸ್ಕಿನಲ್ಲಿ ಚದುರಿದ ತುಣುಕುಗಳನ್ನು ಓದಲು ಪ್ರತಿ ಸಲಕ್ಕೂ ಸುಮಾರು 10 ಮಿಲಿಸೆಕೆಂಡ್ ಬೇಕು. ಸೆಕೆಂಡಿಗೆ ನೂರು ತುಣುಕು ಬಂದರೆ ದೊಡ್ಡದು. ರ‍್ಯಾಮ್‌ನಲ್ಲಿ ಇದೇ ಕೆಲಸ ನ್ಯಾನೊಸೆಕೆಂಡುಗಳ ಲೆಕ್ಕದ್ದು. ಹಾಗಾಗಿ ಬೂಸ್ಟರ್ ಹಾಕಿದ ಮೇಲೆ ಯಂತ್ರ ಇನ್ನೂ ನಿಧಾನವಾಯಿತು, ಡಿಸ್ಕಿನ ದೀಪ ಆರಲೇ ಇಲ್ಲ.

ಡಿಸ್ಕಿನ ಕೆಲಸದ ಒತ್ತಡ ಯಾವಾಗಲೂ 100 ಶೇಕಡಾ ತೋರಿಸುತ್ತಿದೆ ಎಂದಾಗ ಯಾರೋ ಎರಡನೇ ಉಪಾಯ ಹೇಳಿದರು: "ಪೇಜ್ ಫೈಲೇ ತೆಗೆದುಬಿಡಿ, ಡಿಸ್ಕ್ ಮುಟ್ಟುವ ಗೋಜೇ ಇರಲ್ಲ." ನಿಜವಾದ ಅನಾಹುತ ಆಗಿದ್ದು ಇಲ್ಲಿ. ಪ್ರೋಗ್ರಾಮುಗಳಿಗೆ ಕೊಡುತ್ತೇನೆಂದು ವಿಂಡೋಸ್ ಒಪ್ಪಿಕೊಳ್ಳಬಹುದಾದ ಒಟ್ಟು ಮೆಮೊರಿಗೆ ಒಂದು ಮಿತಿ ಇದೆ. ಟಾಸ್ಕ್ ಮ್ಯಾನೇಜರಿನಲ್ಲಿ "ಕಮಿಟೆಡ್" ಎಂದು ಕಾಣುವ ಎರಡು ಸಂಖ್ಯೆಗಳಲ್ಲಿ ಎರಡನೆಯದು ಅದೇ. ಆ ಮಿತಿ ಅಂದರೆ ರ‍್ಯಾಮ್ ಮತ್ತು ಪೇಜ್ ಫೈಲ್ ಕೂಡಿದ್ದು. ಪೇಜ್ ಫೈಲ್ ತೆಗೆದರೆ 2 ಜಿಬಿಯೊಳಗೇ ಸಂಸಾರ. ಎಕ್ಸೆಲ್, ಬ್ರೌಸರ್ ಎರಡೂ ತೆರೆದಿದ್ದಾಗ ಮೆಮೊರಿ ಕಡಿಮೆಯಾಗಿದೆ, ಪ್ರೋಗ್ರಾಮ್ ಮುಚ್ಚಿ ಎಂಬ ಎಚ್ಚರಿಕೆ ಬಂತು. ಅದನ್ನು ಓಕೆ ಒತ್ತಿ ಕಳಿಸಿಬಿಟ್ಟರು. ಸೇವ್ ಮಾಡಲು ಹೋದಾಗ ಎಕ್ಸೆಲ್ ಮೆಮೊರಿ ಸಾಲದು ಎಂದು ಅಲ್ಲೇ ಗಟ್ಟಿಯಾಯಿತು. ಪವರ್ ಬಟನ್ ಅದುಮಿ ಹಿಡಿದು ಆರಿಸಿದರು. ಮತ್ತೆ ಹಚ್ಚಿದಾಗ ಫೈಲ್ ತೆರೆಯಲಿಲ್ಲ. ಪೆನ್ ಡ್ರೈವಿನಲ್ಲಿದ್ದ ಹಳೆ ಪ್ರತಿಯ ನಂತರದ್ದನ್ನೆಲ್ಲ ಮಂಡಿಯ ಚೀಟಿ ಹುಡುಕಿ ಮತ್ತೆ ಟೈಪ್ ಮಾಡಬೇಕಾಯಿತು.

ನಿಮ್ಮಲ್ಲೂ ಯಾರಾದರೂ ಇದನ್ನು ಮಾಡಿಟ್ಟಿದ್ದರೆ ಸರಿಪಡಿಸುವ ದಾರಿ: ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ, ಎಸ್‌ವೈಎಸ್‌ಡಿಎಂ, ಚುಕ್ಕಿ, ಸಿಪಿಎಲ್ (sysdm.cpl) ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಅಡ್ವಾನ್ಸ್ಡ್, ಪರ್ಫಾರ್ಮೆನ್ಸ್ ಕೆಳಗಿನ ಸೆಟ್ಟಿಂಗ್ಸ್, ಮತ್ತೆ ಅಡ್ವಾನ್ಸ್ಡ್, ವರ್ಚುವಲ್ ಮೆಮೊರಿಯ ಚೇಂಜ್. ಮೇಲೆ "ಆಟೊಮ್ಯಾಟಿಕಲಿ ಮ್ಯಾನೇಜ್" ಎಂಬುದಕ್ಕೆ ಟಿಕ್ ಹಾಕಿ ರೀಸ್ಟಾರ್ಟ್ ಮಾಡಿ. ರ‍್ಯಾಮ್‌ನ ಒಂದೂವರೆ ಪಟ್ಟು, ಮೂರು ಪಟ್ಟು ಎಂಬ ಹಳೆ ಸೂತ್ರಗಳನ್ನೆಲ್ಲ ಮರೆತುಬಿಡಿ. ಡಿಸ್ಕಿನಲ್ಲಿ ಒಂದಿಷ್ಟು ಜಾಗ ಖಾಲಿ ಇಟ್ಟರೆ ಉಳಿದದ್ದನ್ನು ವಿಂಡೋಸೇ ನೋಡಿಕೊಳ್ಳುತ್ತದೆ.

ಮೂರನೆಯದು ಸಣ್ಣ ಟಿಕ್, ಆದರೆ ಎಲ್ಲಕ್ಕಿಂತ ಕಿಲಾಡಿ. ಎಂಎಸ್‌ಕಾನ್ಫಿಗ್ (ವಿಂಡೋಸ್ ಶುರುವಾಗುವ ಬಗೆಯನ್ನು ಬದಲಿಸುವ ಪರದೆ) ತೆರೆದು, ಬೂಟ್, ಅಡ್ವಾನ್ಸ್ಡ್ ಆಪ್ಶನ್ಸ್‌ಗೆ ಹೋಗಿ "ಮ್ಯಾಕ್ಸಿಮಮ್ ಮೆಮೊರಿ" ಟಿಕ್ ಮಾಡಿ, ಪೂರ್ತಿ ರ‍್ಯಾಮ್ ಸಿಗುತ್ತದೆ ಎನ್ನುವ ವೀಡಿಯೊ ನೀವೂ ನೋಡಿರಬಹುದು. ಹೆಸರು ನೋಡಿದರೆ ಹೌದೆನ್ನಿಸುತ್ತದೆ. ಅದು ಮಿತಿ ಹಾಕುವ ಜಾಗ, ಬಳಸಲು ಕೊಡುವ ಜಾಗವಲ್ಲ. ಟಿಕ್ ಇಲ್ಲದಿದ್ದರೆ ವಿಂಡೋಸ್ ಇರುವಷ್ಟನ್ನೂ ಬಳಸುತ್ತದೆ. ಟಿಕ್ ಹಾಕಿ 2048 ಎಂದು ಬಿಟ್ಟರೆ 2 ಜಿಬಿ ಮೇಲಿನದನ್ನು ಮುಟ್ಟುವುದಿಲ್ಲ. ಪಕ್ಕದಲ್ಲಿರುವ ಪ್ರೊಸೆಸರ್ ಸಂಖ್ಯೆಯ ಟಿಕ್ಕೂ ಅಂಥದ್ದೇ. ಆ ಹೊತ್ತಿಗೆ ಯಂತ್ರದಲ್ಲಿ ಇದ್ದದ್ದೇ 2 ಜಿಬಿಯಾದ್ದರಿಂದ ಏನೂ ಗೊತ್ತಾಗಲಿಲ್ಲ, ಟಿಕ್ ಹಾಗೇ ಉಳಿಯಿತು.

ನಾಲ್ಕನೆಯದು ಹಣ ಕೊಟ್ಟು ಮಾಡಿದ ತಪ್ಪು. ಆನ್‌ಲೈನಿನಲ್ಲಿ ಡಿಡಿಆರ್3 ಸ್ಟಿಕ್ ಅಗ್ಗಕ್ಕೆ ಸಿಕ್ಕಿತೆಂದು 4 ಜಿಬಿಯದೊಂದನ್ನು ತರಿಸಿದರು. ಹಾಕಿದರೆ ಪರದೆಯೇ ಬರಲಿಲ್ಲ. ವಿವರಣೆಯ ಕೊನೆಯಲ್ಲಿ ಸಣ್ಣಕ್ಷರದಲ್ಲಿ "ಎಎಂಡಿಗೆ ಮಾತ್ರ" ಎಂದಿತ್ತು. ಆ ಬಗೆಯ ಸ್ಟಿಕ್ಕುಗಳಲ್ಲಿ ಚಿಪ್‌ಗಳ ಒಳಜೋಡಣೆ ಬೇರೆ. ಎಎಂಡಿಯ ಮೆಮೊರಿ ಕಂಟ್ರೋಲರ್ ಅದನ್ನು ಗುರುತಿಸುತ್ತದೆ, ಇಂಟೆಲ್ ಬೋರ್ಡು ಗುರುತಿಸುವುದಿಲ್ಲ. ಕೆಟ್ಟ ಮಾಲಲ್ಲ, ನಮಗೆ ಹೊಂದದ ಮಾಲು. ಅದನ್ನು ವಾಪಸ್ ಮಾಡಿ, ಸರಿಯಾದ ಎರಡು ಸ್ಟಿಕ್ ತಂದು ಹಾಕಿದರು. ಪರದೆ ಬಂತು, ವಿಂಡೋಸಿಗೂ ಮೊದಲು ಓಡುವ ಬಯಾಸ್‌ನಲ್ಲಿ 8 ಜಿಬಿ ಕಂಡಿತು, ವಿಂಡೋಸಿನಲ್ಲಿ ಮಾತ್ರ ಮತ್ತೆ 2 ಜಿಬಿ! ಮೂರನೇ ಉಪಾಯದ ಟಿಕ್ ಅಲ್ಲೇ ಕಾಯುತ್ತಿತ್ತಲ್ಲ. ಟಾಸ್ಕ್ ಮ್ಯಾನೇಜರಿನಲ್ಲಿ "ಹಾರ್ಡ್‌ವೇರ್ ರಿಸರ್ವ್ಡ್" ಎಂಬಲ್ಲಿ 6 ಜಿಬಿಯಷ್ಟು ತೋರಿಸುತ್ತಿದ್ದದ್ದೇ ಸುಳಿವು. ಅದನ್ನು ನೋಡದೆ ಒಳ್ಳೆಯ ಸ್ಟಿಕ್ಕುಗಳನ್ನೂ ಕೆಟ್ಟಿವೆ ಎಂದು ವಾಪಸ್ ಮಾಡುವುದರಲ್ಲಿದ್ದರು.

ಹಳೆ ಬೋರ್ಡಿಗೆ ರ‍್ಯಾಮ್ ಕೊಳ್ಳುವವರು ಲೇಬಲ್ ಓದುವುದು ಕಲಿಯಲೇಬೇಕು. ಪಿಸಿ2 ಅಂದರೆ ಡಿಡಿಆರ್2, 1.8 ವೋಲ್ಟ್. ಪಿಸಿ3 ಅಂದರೆ ಡಿಡಿಆರ್3, 1.5 ವೋಲ್ಟ್. ಪಿಸಿ3ಎಲ್ ಅಂದರೆ 1.35 ವೋಲ್ಟಿನದು. ಡೆಸ್ಕ್‌ಟಾಪಿನ ಡಿಡಿಆರ್2, ಡಿಡಿಆರ್3 ಎರಡಕ್ಕೂ 240 ಪಿನ್ನೇ, ಆದರೆ ಕಚ್ಚಿನ ಜಾಗ ಬೇರೆ. ಕೂರದಿದ್ದರೆ ಒತ್ತಬೇಡಿ, ಸ್ಲಾಟ್ ಒಡೆಯುತ್ತದೆ. ಲೇಬಲಿನಲ್ಲಿ 10600 ಎಂದಿದ್ದರೆ 1333ರ ವೇಗದ್ದು, ಜಿ41ರಲ್ಲಿ ಅದು 1066ಕ್ಕೆ ಇಳಿದು ಓಡುತ್ತದೆ, ತೊಂದರೆಯಿಲ್ಲ. ಕೊನೆಯ ಅಕ್ಷರ ಯು ಇದ್ದರೆ ಸಾಮಾನ್ಯ ಡೆಸ್ಕ್‌ಟಾಪಿನದು, ಎಸ್ ಲ್ಯಾಪ್‌ಟಾಪಿನದು, ಆರ್ ಸರ್ವರಿನದು. ಸರ್ವರಿನದು ಎಷ್ಟು ಅಗ್ಗಕ್ಕೆ ಸಿಕ್ಕರೂ ಈ ಬೋರ್ಡುಗಳಲ್ಲಿ ನಡೆಯುವುದಿಲ್ಲ.

ಜಿ41ಕ್ಕೆ ಇನ್ನೊಂದು ತಕರಾರಿದೆ, ಅಂಗಡಿಯವರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ. ಅದು 2 ಗಿಗಾಬಿಟ್‌ವರೆಗಿನ ಚಿಪ್‌ಗಳನ್ನಷ್ಟೇ ಓದುತ್ತದೆ (8 ಗಿಗಾಬಿಟ್ ಸೇರಿದರೆ 1 ಜಿಬಿ). 4 ಜಿಬಿ ಸ್ಟಿಕ್ಕಿನ ಎರಡೂ ಬದಿಗೆ ಎಂಟೆಂಟು, ಒಟ್ಟು 16 ಚಿಪ್ ಇರಬೇಕು. ಲೇಬಲಿನಲ್ಲಿ 2ಆರ್‌ಎಕ್ಸ್8 ಎಂದಿರುತ್ತದೆ. ಒಂದೇ ಬದಿಗೆ ಎಂಟು ಚಿಪ್ ಇರುವ 1ಆರ್‌ಎಕ್ಸ್8 ನೋಡಲು ಹೊಸದಾಗಿ, ಚಂದವಾಗಿ ಇರುತ್ತದೆ, ಇಲ್ಲಿ ನಡೆಯುವುದಿಲ್ಲ. ಜಿ41ರ ಗರಿಷ್ಠ 8 ಜಿಬಿ, ಅದಕ್ಕೂ ಹಳೆಯ ಜಿ31ರದ್ದು 4 ಜಿಬಿ. ವಿಂಡೋಸ್ 32 ಬಿಟ್ ಆಗಿದ್ದರೆ 4 ಜಿಬಿ ಹಾಕಿದರೂ ಮೂರು, ಮೂರೂವರೆ ಮಾತ್ರ ಬಳಕೆಗೆ ಸಿಗುತ್ತದೆ.

ಪುನರ್ವಸು ಮಳೆ ಹಿಡಿದ ಮೇಲೆ ಪರದೆ ಬರದ ಯಂತ್ರಗಳಲ್ಲಿ ಎಷ್ಟೋ ಸಲ ರ‍್ಯಾಮ್ ಸತ್ತಿರುವುದೇ ಇಲ್ಲ, ತಂಡಿಗೆ ಸಂಪರ್ಕದ ಪಟ್ಟಿ ಮಾಸಿರುತ್ತದೆ ಅಷ್ಟೆ. ಹೊಸದು ಕೊಳ್ಳುವ ಮೊದಲು ಪ್ಲಗ್ ಕಿತ್ತು, ಪವರ್ ಬಟನ್ 10 ಸೆಕೆಂಡ್ ಒತ್ತಿ ಹಿಡಿದು, ಕ್ಯಾಬಿನೆಟ್ಟಿನ ಬರಿ ಲೋಹ ಮುಟ್ಟಿ, ಸ್ಟಿಕ್ ತೆಗೆಯಿರಿ. ಚಿನ್ನದ ಬಣ್ಣದ ಪಟ್ಟಿಯನ್ನು ಮೆತ್ತನೆ ರಬ್ಬರಿನಿಂದ ಹಗುರವಾಗಿ ಉಜ್ಜಿ, ರಬ್ಬರ್ ಪುಡಿ ಪೂರ್ತಿ ಒರೆಸಿ, ಎರಡೂ ಕಡೆಯ ಕ್ಲಿಪ್ ಟಕ್ ಎನ್ನುವವರೆಗೆ ಕೂರಿಸಿ. ಮರಳು ಕಾಗದ ಬೇಡ. ಸ್ಲಾಟಿಗೆ ಬಾಯಲ್ಲಿ ಊದುವುದೂ ಬೇಡ, ಇರುವ ತೇವವೇ ಸಾಕು. ಅನುಮಾನ ಉಳಿದರೆ ಪೆನ್ ಡ್ರೈವಿನಿಂದ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಓಡಿಸಿ. ಅದರಲ್ಲಿ ಒಂದೇ ಒಂದು ಕೆಂಪು ಸಾಲು ಬಂದರೂ ಆ ಸ್ಟಿಕ್ಕನ್ನು ಲೆಕ್ಕದ ಯಂತ್ರದಲ್ಲಿ ಇಡಬೇಡಿ.

ಇಷ್ಟಾದರೂ ನಿಧಾನವಾಗಿದ್ದರೆ, ಏನನ್ನೂ ಕೊಳ್ಳುವ ಮುಂಚೆ ರಿಸೋರ್ಸ್ ಮಾನಿಟರ್ ತೆರೆದು ಮೆಮೊರಿ ಪುಟದಲ್ಲಿ "ಹಾರ್ಡ್ ಫಾಲ್ಟ್ಸ್" (ಬೇಕಾದದ್ದು ರ‍್ಯಾಮ್‌ನಲ್ಲಿಲ್ಲದೆ ಡಿಸ್ಕಿನಿಂದ ತರಬೇಕಾದ ಸಲಗಳು) ನೋಡಿ. ಪ್ರೋಗ್ರಾಮ್ ತೆರೆಯುವಾಗ ಅದು ಏರಿ ಇಳಿದರೆ ಮಾಮೂಲು. ಒಂದೇ ಸಮನೆ ನೂರಾರು ಇದ್ದರೆ ಮಾತ್ರ ರ‍್ಯಾಮ್ ಸಾಲುತ್ತಿಲ್ಲ. ಫಾಲ್ಟ್ ಕಡಿಮೆಯಿದ್ದೂ ಡಿಸ್ಕ್ 100 ಇದ್ದರೆ ಬೇಕಾಗಿರುವುದು ಹಾರ್ಡ್ ಡಿಸ್ಕಿಗಿಂತ ಎಷ್ಟೋ ವೇಗದ ಎಸ್‌ಎಸ್‌ಡಿ. ಈ ಬೋರ್ಡಿನಲ್ಲಿ ಡಿಸ್ಕ್ ಜೋಡಿಸುವ ಸಾಟಾ ಕೊಂಡಿಯ ವೇಗ ಕಡಿಮೆಯಾದರೂ ವ್ಯತ್ಯಾಸ ಎದ್ದು ಕಾಣುತ್ತದೆ. ಇನ್ನೊಂದು, ದಿನಾ ಶಟ್‌ಡೌನ್ ಮಾಡುತ್ತೇವೆ ಎನ್ನುವವರಿಗೆ: ವಿಂಡೋಸ್ ಬೇಗ ತೆರೆಯಲೆಂದು ಇರುವ ಫಾಸ್ಟ್ ಸ್ಟಾರ್ಟಪ್ ಸೌಲಭ್ಯ ಆನ್ ಇದ್ದರೆ ಶಟ್‌ಡೌನ್‌ನಲ್ಲಿ ವಿಂಡೋಸಿನ ಒಳತಿರುಳು ಹೊಸದಾಗುವುದಿಲ್ಲ, ರೀಸ್ಟಾರ್ಟ್‌ನಲ್ಲಿ ಆಗುತ್ತದೆ. ಮೆಮೊರಿ ಸೋರಿಕೆಯಿರುವ (ಪಡೆದ ಮೆಮೊರಿಯನ್ನು ವಾಪಸ್ ಕೊಡದ) ಡ್ರೈವರ್ ಇದ್ದರೆ ವಾರಕ್ಕೊಮ್ಮೆ ರೀಸ್ಟಾರ್ಟ್ ಕೊಡಿ.

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಈಗ ಶುರುವಾಗಿರುವ ಐದನೇ ಉಪಾಯ, ಇಂಥ ಯಂತ್ರಗಳಿಗೆ ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿಕೊಡುವುದು. 24ಎಚ್2 ಆವೃತ್ತಿಯಿಂದ ಈಚೆಗೆ ಪ್ರೊಸೆಸರಿನಲ್ಲಿ ಪಾಪ್‌ಕೌಂಟ್ ಎಂಬ ಆದೇಶ ಇರಲೇಬೇಕು. ಕೋರ್ 2 ಡ್ಯುಯೊದಲ್ಲಿ ಅದಿಲ್ಲ, ಯಾವ ಅಡ್ಡದಾರಿಯಲ್ಲೂ ಬೂಟ್ ಆಗುವುದಿಲ್ಲ. ವಿಂಡೋಸ್ ಬದಲಿಗೆ ಹಾಕಬಹುದಾದ ಉಚಿತ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ 4 ಜಿಬಿಯಲ್ಲಿ ನೆಮ್ಮದಿಯಾಗಿ ನಡೆಯುತ್ತದೆ, ಯುನಿಕೋಡ್ ಕನ್ನಡ ಟೈಪಿಂಗೂ ಇದೆ. ನುಡಿಯ ಹಳೆ ಅಕ್ಷರಶೈಲಿಯ ಕಡತಗಳಿದ್ದರೆ ಮಾತ್ರ ಅವನ್ನು ಮೊದಲು ಯುನಿಕೋಡಿಗೆ ಬದಲಾಯಿಸಿಕೊಂಡು, ಒಂದು ಪ್ರತಿಯನ್ನು ಪೆನ್ ಡ್ರೈವಿಗೆ ಹಾಕಿ, ಆಮೇಲೆ ಡಿಸ್ಕ್ ಮುಟ್ಟಿ.