ವಿಮಾನದ ದೂರ ಹೇಳುವ ವೆಬ್‌ಸೈಟ್‌ಗಳು: ಕಿಲೋಮೀಟರ್ ನಂಬಬಹುದು, ಗಂಟೆ ಬೇಡ

ಮಕ್ಕಳು ಅಮೆರಿಕ, ಇಂಗ್ಲೆಂಡ್‌ಗಳಲ್ಲಿರುವ ಮನೆಗಳು ಈಗ ಚಿಕ್ಕಬಳ್ಳಾಪುರದಲ್ಲೂ ಸಾಕಷ್ಟಿವೆ. ಎರಡು ಊರಿನ ಹೆಸರು ಕೊಟ್ಟರೆ ದೂರವನ್ನೂ ಹಾರಾಟದ ಅವಧಿಯನ್ನೂ ಹೇಳುವ ವೆಬ್‌ಸೈಟ್‌ಗಳಿಗೂ ಬರವಿಲ್ಲ. ನಮ್ಮ ಆಯ್ಕೆ ಗ್ರೇಟ್ ಸರ್ಕಲ್ ಮ್ಯಾಪರ್. (ಗ್ರೇಟ್ ಸರ್ಕಲ್ ಅಂದರೆ ದುಂಡಗಿನ ಭೂಮಿಯ ಮೇಲೆ ಎರಡು ಊರಿನ ನಡುವಿನ ಅತಿ ಹತ್ತಿರದ ಗೆರೆ.) ನೋಡಲು ಹಳೇ ಕಾಲದ್ದು, ಲೆಕ್ಕ ಮಾತ್ರ ಚೊಕ್ಕ.

ಊರಿನ ಹೆಸರಿನ ಬದಲು ಏರ್‌ಪೋರ್ಟಿನ ಮೂರಕ್ಷರದ ಕೋಡ್ ಹಾಕಿ: ಬೆಂಗಳೂರಿಗೆ ಬಿಎಲ್‌ಆರ್, ಸ್ಯಾನ್‌ ಫ್ರಾನ್ಸಿಸ್ಕೋಗೆ ಎಸ್‌ಎಫ್‌ಒ. ಹೆಸರು ಕೊಟ್ಟರೆ ಕೆಲವು ಸೈಟ್‌ಗಳು ನಗರದ ಮಧ್ಯದಿಂದ ಅಳೆಯುತ್ತವೆ. ದೇವನಹಳ್ಳಿ ಅಲ್ಲಿಂದ ಎಷ್ಟು ದೂರ ಎಂದು ನಮಗೆ ಹೇಳಬೇಕಿಲ್ಲ. ಅಮೆರಿಕದ ಲೆಕ್ಕದಲ್ಲಿ ಆ ವ್ಯತ್ಯಾಸ ನಗಣ್ಯ, ಚೆನ್ನೈ ಲೆಕ್ಕದಲ್ಲಿ ಎದ್ದು ಕಾಣುತ್ತದೆ. ಯೂನಿಟ್ಟನ್ನೂ ಗಮನಿಸಿ. 14,000 ಕಿ.ಮೀ. ಎಂದರೆ ಸುಮಾರು 8,700 ಮೈಲಿ, ವಿಮಾನ, ಹಡಗಿನವರು ಬಳಸುವ ನಾಟಿಕಲ್ ಮೈಲಿಯಲ್ಲಾದರೆ 7,560.

ಅವಧಿಯ ವಿಷಯಕ್ಕೆ ಬಂದರೆ ಹೆಚ್ಚಿನ ಸೈಟ್‌ಗಳು ಜಾರುತ್ತವೆ. ದೂರವನ್ನು ಗಂಟೆಗೆ 800ರಿಂದ 900 ಕಿ.ಮೀ. ವೇಗದಿಂದ ಭಾಗಿಸಿ, ಏರಲು ಇಳಿಯಲು ಅಂತ ಅರ್ಧ ಗಂಟೆ ಸೇರಿಸಿದರೆ ಅವುಗಳ ಕೆಲಸ ಮುಗಿಯಿತು. ಗಾಳಿ ಲೆಕ್ಕಕ್ಕೇ ಇಲ್ಲ. ಎತ್ತರದ ಜೆಟ್ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವುದರಿಂದ ಲಂಡನ್‌ಗೆ ಹೋಗುವುದಕ್ಕಿಂತ ಅಲ್ಲಿಂದ ಬರುವುದು ಬೇಗ. ಸೈಟ್ ಎರಡಕ್ಕೂ ಒಂದೇ ಉತ್ತರ ಕೊಡುತ್ತದೆ. ಲಂಡನ್‌ನ 8,000 ಕಿ.ಮೀ. ನೇರ ಗೆರೆ ಕರಾಚಿಯ ಹತ್ತಿರ ಹಾದುಹೋಗುತ್ತದೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶ ಮುಚ್ಚಿದಾಗ ಭಾರತದ ವಿಮಾನಗಳು ಸುತ್ತಿ ಹೋಗಬೇಕಾಯಿತು. ಗೆರೆಗೆ ಇದೆಲ್ಲ ಎಲ್ಲಿಂದ ಗೊತ್ತಾಗಬೇಕು?

2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್‌ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲೆ ತಂದ ವಿಮಾನವನ್ನೇ ನೋಡಿ. ನೇರ ದೂರ 13,993 ಕಿ.ಮೀ., ಹಾರಿದ್ದು ಸುಮಾರು 16,000.

ಟಿಕೆಟ್ಟಿನಿಂದ ನೀವೇ ಅವಧಿ ತೆಗೆಯುವುದು ಮೇಲು. ಅಲ್ಲಿ ಎರಡೂ ಹೊತ್ತು ಆಯಾ ಊರಿನ ಗಡಿಯಾರದ್ದು. ಸ್ಯಾನ್‌ ಫ್ರಾನ್ಸಿಸ್ಕೋದಲ್ಲಿ 9ನೇ ತಾರೀಖು ರಾತ್ರಿ 8.30ಕ್ಕೆ ಹೊರಟು ಇಲ್ಲಿ 11ರ ಬೆಳಗಿನ ಜಾವ 3.45ಕ್ಕೆ ಇಳಿದರೆ, ಗಡಿಯಾರದಲ್ಲಿ 31 ಗಂಟೆ 15 ನಿಮಿಷ. ಚಳಿಗಾಲದ ವ್ಯತ್ಯಾಸ 13 ಗಂಟೆ 30 ನಿಮಿಷ ಕಳೆಯಿರಿ: 17 ಗಂಟೆ 45 ನಿಮಿಷ. ಬೇಸಿಗೆಯಲ್ಲಿ ಅವರು ಗಡಿಯಾರ ಮುಂದಿಡುವುದರಿಂದ ಕಳೆಯಬೇಕಾದ್ದು 12 ಗಂಟೆ 30 ನಿಮಿಷ. ರನ್‌ವೇವರೆಗೆ ತೆವಳುವ ಸಮಯವೂ ಇದರಲ್ಲೇ ಸೇರಿರುತ್ತದೆ. ನಿಜವಾಗಿ ಎಷ್ಟು ಹೊತ್ತು ಹಾರುತ್ತಿದೆ ಎಂದು ನೋಡಲು ವಿಮಾನಗಳ ಜಾಡು ತೋರಿಸುವ ಫ್ಲೈಟ್‌ರೇಡಾರ್24 ಸೈಟ್‌ನಲ್ಲಿ ಅದೇ ನಂಬರಿನ ವಿಮಾನದ ಹಿಂದಿನ ಕೆಲವು ದಿನಗಳ ದಾಖಲೆ ತೆರೆಯಿರಿ.

ಇನ್ನು ಮನೆಯಿಂದ ಏರ್‌ಪೋರ್ಟಿಗೆ: ಚಿಕ್ಕಬಳ್ಳಾಪುರದಿಂದ ಮೂವತ್ತು ಕಿ.ಮೀ. ಆಸುಪಾಸು ಅಷ್ಟೇ. ಆದರೆ ಭಾನುವಾರ ಸಂಜೆ ನಂದಿಬೆಟ್ಟ, ಈಶಾ ನೋಡಿ ಬೆಂಗಳೂರಿಗೆ ಮರಳುವ ಕಾರುಗಳೆಲ್ಲ ಅದೇ ಹೆದ್ದಾರಿಯಲ್ಲಿ. ಅಂದು ಒಂದು ಗಂಟೆ ಮೊದಲೇ ಹೊರಡಿ.