ಕೊಲೊರಾಡೊ, ಟೆಕ್ಸಾಸ್: ಎಐ ತಂತ್ರಾಂಶವನ್ನು ಯಾವ ಕಾನೂನಿನ ಅಳತೆಗೆ ಹೊಲಿಸಬೇಕು?

ಅಮೆರಿಕದ ಗ್ರಾಹಕರಿಗಾಗಿ ನೇಮಕಾತಿ ಅಥವಾ ಸಾಲ ಮಂಜೂರಾತಿ ತಂತ್ರಾಂಶ ಕಟ್ಟುವ ಬೆಂಗಳೂರಿನ ತಂಡಗಳಿಗೆ ಈ ಎರಡು ರಾಜ್ಯಗಳ ಹಾದಿ ಬೇರೆ ಬೇರೆ.

ಕೊಲೊರಾಡೊದ ಎಐ ಕಾಯ್ದೆ, 2024ರಲ್ಲಿ ಅಂಗೀಕಾರವಾದ ರೂಪದಲ್ಲಿ, ಪರಿಣಾಮವನ್ನು, ಅಂದರೆ ಎಐ ನಿರ್ಧಾರದಿಂದ ತಾರತಮ್ಯವಾಯಿತೇ ಎಂಬುದನ್ನು, ನೋಡುತ್ತಿತ್ತು. ಆ ಪಠ್ಯದ ನಿಯಮಗಳು ಹೀಗಿದ್ದವು. ಉದ್ಯೋಗ, ಸಾಲ, ಮನೆ, ವಿಮೆ, ಆರೋಗ್ಯ, ಶಿಕ್ಷಣದಂಥ ನಿರ್ಧಾರಗಳಲ್ಲಿ ಎಐ ಮುಖ್ಯ ಪಾತ್ರ ವಹಿಸಿದರೆ ಅದು ಹೆಚ್ಚು ಅಪಾಯದ ವ್ಯವಸ್ಥೆ. ಅರ್ಜಿದಾರನಿಗೆ ಮೊದಲೇ ತಿಳಿಸಬೇಕು. ತಿರಸ್ಕರಿಸಿದರೆ ಕಾರಣ ಹೇಳಬೇಕು, ತಪ್ಪು ಮಾಹಿತಿ ತಿದ್ದಲು ಬಿಡಬೇಕು, ಸಾಧ್ಯವಿದ್ದರೆ ಮನುಷ್ಯರಿಂದಲೇ ಮರುಪರಿಶೀಲನೆ ಕೊಡಬೇಕು. ಬಳಸುವ ಸಂಸ್ಥೆ ವರ್ಷಕ್ಕೊಮ್ಮೆ ಪರಿಣಾಮದ ಮೌಲ್ಯಮಾಪನ ಮಾಡಬೇಕು, ದೊಡ್ಡ ಬದಲಾವಣೆಯಾದರೆ 90 ದಿನದೊಳಗೆ ಮತ್ತೊಮ್ಮೆ. ಹಲವರು ಎಡವುವುದು ಇಲ್ಲೇ: ಎಐ ಮಾದರಿ ಅರ್ಜಿಗೆ ಅಂಕ ಕೊಡುತ್ತದೆ, ಆದರೆ ಕಾರಣವನ್ನು ಎಲ್ಲಿಯೂ ದಾಖಲಿಸಿರುವುದಿಲ್ಲ. ಆಮೇಲೆ ಹುಡುಕಿದರೆ ಸಿಗದು.

ಟೆಕ್ಸಾಸ್‌ನ ಕಾಯ್ದೆ 2026ರ ಜನವರಿ 1ರಿಂದ ಜಾರಿ. ಅದು ಕೇಳುವುದು ಉದ್ದೇಶವನ್ನು. ಫಲಿತಾಂಶದಲ್ಲಿ ಅಸಮಾನತೆ ಕಂಡ ಮಾತ್ರಕ್ಕೆ ತಾರತಮ್ಯದ ಉದ್ದೇಶ ಸಾಬೀತಾಗದು. ನೋಟಿಸ್ ಬಂದ ಮೇಲೆ ಸರಿಪಡಿಸಲು 60 ದಿನ. ಸರಿಪಡಿಸಲಾಗದ ಉಲ್ಲಂಘನೆಗೆ ದಂಡ 80,000ದಿಂದ 2,00,000 ಡಾಲರ್. ಅರ್ಜಿದಾರನಿಗೆ ಸಿಗುವ ರಕ್ಷಣೆ ಮಾತ್ರ ತೆಳು.

ಎರಡರಲ್ಲೂ ಮೊಕದ್ದಮೆ ಹೂಡುವವರು ರಾಜ್ಯದ ಮುಖ್ಯ ಕಾನೂನು ಅಧಿಕಾರಿಯಾದ ಅಟಾರ್ನಿ ಜನರಲ್, ನೊಂದ ವ್ಯಕ್ತಿಯಲ್ಲ.

ಕೊಲೊರಾಡೊ ತನ್ನ ಜಾರಿ ದಿನವನ್ನು 2025ರಲ್ಲಿ 2026ರ ಜೂನ್ 30ಕ್ಕೆ ಮುಂದೂಡಿತು, ತಿದ್ದುಪಡಿಯ ಒತ್ತಡವೂ ಇತ್ತು. ಆದ್ದರಿಂದ ಗ್ರಾಹಕರೊಂದಿಗಿನ ಒಪ್ಪಂದಕ್ಕೆ ಸಹಿ ಹಾಕುವ ದಿನ ಇರುವ ಕಾಯ್ದೆಯ ಪಠ್ಯವನ್ನೇ ಓದಿ. ಆದರೂ ಕಾರಣದ ದಾಖಲೆ ಮತ್ತು ಮರುಪರಿಶೀಲನೆ ಕೇಳುವ ಬಟನ್ ಅನ್ನು ಮೊದಲೇ ಕಟ್ಟಿಕೊಳ್ಳುವುದು ಅಗ್ಗ.