ಗೋವಾ ಹೆಮಟೈಟಾ, ಕುದುರೆಮುಖ ಮ್ಯಾಗ್ನೆಟೈಟಾ: ಕಲೆಕ್ಷನ್‌ಗೆ ಯಾವ್ದು ತಗೋಬೇಕು?

ವಾಸ್ಕೋ, ಫೋಂಡಾ ಕಡೆ ಓದ್ತಿರೋ ನಮ್ಮ ಕನ್ನಡದ ಹುಡುಗ್ರು ಕಾಲೇಜ್ ಪ್ರಾಜೆಕ್ಟಿಗೆ ಪಟ್ಟೆ ಇರೋ ಕಬ್ಬಿಣದ ಕಲ್ಲು ಒಂದೇ ಒಂದು ಇಟ್ಕೋಬೇಕು ಅಂದ್ರೆ ಯಾವ್ದು ಅಂತ ಕೇಳ್ತಿರ್ತಾರೆ. ಹೆಮಟೈಟ್, ಮ್ಯಾಗ್ನೆಟೈಟ್ ಅಂದ್ರೆ ಕಬ್ಬಿಣ ಸಿಗೋ ಎರಡು ಖನಿಜ. ಗೋವಾದ ಕಲ್ಲು, ಕುದುರೆಮುಖದ ಕಲ್ಲು ಎರಡೂ 250 ಕೋಟಿ ವರ್ಷಕ್ಕಿಂತ ಹಳೇವು, ಎರಡ್ರಲ್ಲೂ ಕಬ್ಬಿಣದ ಪದರ ಒಂದು, ಸಿಲಿಕಾ (ಮರಳಲ್ಲಿರೋ ಪದಾರ್ಥ) ಪದರ ಒಂದು, ಹಿಂಗೇ ಒಂದರ ಮೇಲೊಂದು.

ಗೋವಾದ ಬಿಚೋಲಿಂ ಕಡೆ ಅದಿರು ಜಾಸ್ತಿ ಹೆಮಟೈಟ್. ಲಕ್ಷಾಂತರ ವರ್ಷ ಮಳೆನೀರು ಇಳಿದು ಸಿಲಿಕಾ ಕರಗಿ ಹೋಗಿ ಕಬ್ಬಿಣ ಉಳ್ಕೊಂಡಿದೆ, ಅದಕ್ಕೇ ಎಷ್ಟೋ ಕಡೆ ಕೈಲಿ ಹಿಡಿದ್ರೆ ಪುಡಿ ಪುಡಿ, ಪಟ್ಟೆ ನೋಡೋಕೆ ಗಟ್ಟಿ ತುಂಡೇ ಹುಡುಕ್ಬೇಕು. ಪಾಲಿಶ್ ಇಲ್ಲದ ಬಿಳಿ ಟೈಲ್ಸ್ ಹಿಂಬದಿಗೆ ಉಜ್ಜಿ ನೋಡಿ, ಕಲ್ಲು ಬೂದಿ ಬಣ್ಣ ಇದ್ರೂ ಗೆರೆ ಮಾತ್ರ ಕೆಂಪು-ಕಂದು ಬರುತ್ತೆ, ನಂಗೆ ಅದು ಈಗ್ಲೂ ಖುಷಿ ಕೊಡುತ್ತೆ.

ಕುದುರೆಮುಖದ್ದು ಮ್ಯಾಗ್ನೆಟೈಟ್, ಗೆರೆ ಕಪ್ಪು, ಅಯಸ್ಕಾಂತ ಟಪ್ ಅಂತ ಅಂಟ್ಕೊಳ್ಳುತ್ತೆ. ಶುದ್ಧ ಖನಿಜದಲ್ಲಿ ಕಬ್ಬಿಣ 72%, ಹೆಮಟೈಟಲ್ಲಿ 70%, ಆದ್ರೆ ಕುದುರೆಮುಖದ ಕಲ್ಲಲ್ಲಿ ಸಿಲಿಕಾ ಇನ್ನೂ ತುಂಬ್ಕೊಂಡಿರೋದ್ರಿಂದ ಅದಿರಿನ ಲೆಕ್ಕದಲ್ಲಿ ಬಡವ. ಪಟ್ಟೆ ಚೆನ್ನಾಗಿ ಕಾಣೋದೂ ಅದಕ್ಕೇನೇ.

ಪಟ್ಟೆ ತೋರಿಸ್ಬೇಕಾ, ಕುದುರೆಮುಖದ್ದು ತಗೊಳ್ಳಿ. ಅದಿರು ಹೆಂಗಾಗುತ್ತೆ ಅಂತ ಹೇಳ್ಬೇಕಾ, ಗೋವಾದ್ದೇ ಸರಿ. ಗಣಿ ಒಳಗೆ ಮಾತ್ರ ಪರ್ಮಿಷನ್ ಇಲ್ದೆ ಇಳೀಬೇಡಿ, ನಿಮ್ಮ ಕಾಲೇಜ್ ಡಿಪಾರ್ಟ್‌ಮೆಂಟಲ್ಲೇ ಕೇಳಿ ತಗೊಳ್ಳಿ.